ಹೋಗುವಾಗ ಇಬ್ಬರು

ಕಾಲುವೆಯ ಗೇಟಿನ ಮನೆಯೊಳಗೆ ಫೋನು ಹೊಡೆದುಕೊಂಡಾಗ ರಾಡೋಯ್ಕಾ ದೋಣಿಯ ಹಿಂಬದಿಯಲ್ಲಿ ಕೂತು ದಪ್ಪ ಮೆಣಸಿನಕಾಯಿಗಳ ಬೀಜ ತೆಗೆಯುತ್ತಿದ್ದಳು. ಚಾಕು ನಿಂತಿತು. ನಾಲ್ಕು ಸಲ ಹೊಡೆದುಕೊಂಡು ಐದನೆಯದರ ನಡುವೆ ಯಾರೋ ಎತ್ತಿದರು. ಯಾರೋ ಏನು, ಲಾಯೋಶನೇ. ಈ ಗೇಟಿನಲ್ಲಿ ಅವನನ್ನು ಬಿಟ್ಟರೆ ಅವನ ಹೆಂಡತಿ, ಹೆಂಡತಿಯನ್ನು ಬಿಟ್ಟರೆ ಒಂದು ಕುಂಟು ಬಾತುಕೋಳಿ. ತೆರೆದ ಕಿಟಕಿಯಿಂದ ಅವನ ದನಿ ನೀರಿನ ಮೇಲೆ ಹಾದು ಬಂತು. 'ಹೂಂ... ಹೂಂ... ಇಲ್ಲೇ ಇದ್ದಾರೆ, ಕಾಯ್ತಾ ಇದ್ದಾರೆ... ನಂಗೇನು ಗೊತ್ತು... ಪಾಪ.' ಆ ಕೊನೆಯ ಮಾತು ಅವಳಿಗೆ ಬೇಕಿರಲಿಲ್ಲ. ಪಾಪ ಎಂದದ್ದು ಯಾರಿಗೆ? ತನಗೋ, ಮುಂದುಗಡೆ ಹಗ್ಗದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಿದ ಗೇಟನ್ನೇ ನೋಡುತ್ತ ಕೂತ ಮಗಳಿಗೋ? ಯಾಗೊಡಾಳ ಬೆನ್ನು ಅಗಲ, ಮೂವತ್ತೊಂದು ವರ್ಷದ ಹೆಂಗಸಿನ ಬೆನ್ನು. ಅದರ ಮೇಲೆ ಬಿದ್ದ ಎರಡು ಜಡೆ ಮಾತ್ರ ಶಾಲೆಗೆ ಹೊರಟ ಹುಡುಗಿಯದು, ಬೆಳಿಗ್ಗೆ ರಾಡೋಯ್ಕಾಳೇ ಹೆಣೆದದ್ದು. ಫೋನಿನ ಮಾತು ಅವಳಿಗೂ ಕೇಳಿಸಿರಬೇಕು. ಆದರೆ ತನ್ನ ಕೆಲಸಕ್ಕೆ ಸಂಬಂಧವಿಲ್ಲದ ಮಾತನ್ನು ಯಾಗೊಡಾ ಕಿವಿಗೆ ಹಾಕಿಕೊಳ್ಳುವವಳಲ್ಲ. ಗೇಟಿನ ಹತ್ತಿರ ಅವಳ ಕೆಲಸ ಹಗ್ಗ.

ಬೆಳಿಗ್ಗೆ ಹತ್ತಕ್ಕೆ ಬಂದವರು. ಈಗ ಹನ್ನೆರಡೂವರೆ. ಕೆಳಗಿನಿಂದ ಪಾಚಿ ಕೊಯ್ಯುವ ಸರಕಾರಿ ದೋಣಿ ಬರುತ್ತಿದೆ, ಅದು ಹತ್ತಿ ಬಂದು ದಾಟಿದ ಮೇಲೇ ಉಳಿದವರು ಇಳಿಯಬೇಕು ಎಂದು ಲಾಯೋಶ್ ದಡದಿಂದಲೇ ಕೂಗಿ ಹೇಳಿ ಒಳಗೆ ಹೋಗಿದ್ದ. ಎಂದಿನಂತೆ ಇಳಿದು ಬಂದು ಯಾಗೊಡಾಳ ಕೆನ್ನೆ ಹಿಂಡಿರಲಿಲ್ಲ. 'ಏನಮ್ಮ ಕ್ಯಾಪ್ಟನ್, ಈ ಸಲ ನಿಮ್ಮಮ್ಮ ಎಷ್ಟು ಗೋಡೆ ಕೆಡವಿದ್ಳು' ಎಂದು ಕೇಳಿರಲಿಲ್ಲ. ಅದರಿಂದಲೇ ರಾಡೋಯ್ಕಾಳಿಗೆ ಗೊತ್ತಾಯಿತು: ಸುದ್ದಿ ಇಲ್ಲಿಗೂ ತಲುಪಿದೆ. ಎರಡೂ ದಡದಲ್ಲಿ ಸೂರ್ಯಕಾಂತಿ ಹೊಲ, ಆಗಸ್ಟ್ ತಿಂಗಳ ಕೊನೆಗೆ ತಲೆ ಬಗ್ಗಿಸಿ ಕಪ್ಪಾದವು. ಅವುಗಳ ಮೇಲೆ ಕಂಬದಿಂದ ಕಂಬಕ್ಕೆ ಹೋಗುವ ಫೋನಿನ ತಂತಿ. ದೋಣಿ ಗಂಟೆಗೆ ಆರು ಕಿಲೋಮೀಟರು ಹೋಗುತ್ತದೆ. ತಂತಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ತಪ್ಪು ಮೊದಲನೆಯ ಗೇಟಿನಲ್ಲೇ ಆಗಿಹೋಗಿತ್ತು. ಮೊನ್ನೆ. ಅಲ್ಲಿಯ ಮ್ಲಾದೆನ್ ರಿಜಿಸ್ಟರು ತೆರೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪ್ರತಿ ಬೇಸಿಗೆ ಕೇಳುವುದನ್ನೇ ಕೇಳಿದ: 'ಹೋಗುವಾಗ ಎಷ್ಟು ಜನ? ಬರುವಾಗ ಎಷ್ಟು?' ಅದು ಕಾಲುವೆಯವರ ಹಳೆಯ ಪದ್ಧತಿ. ಎಂದೋ ಯಾವುದೋ ದೋಣಿಯಿಂದ ಒಬ್ಬ ನೀರಿಗೆ ಬಿದ್ದು ಮೂರು ದಿನ ಯಾರಿಗೂ ತಿಳಿಯದೆ ಹೋಗಿತ್ತಂತೆ. ಅಂದಿನಿಂದ ಹೋದ ತಲೆ, ಬಂದ ತಲೆ ಎರಡನ್ನೂ ಬರೆದುಕೊಳ್ಳುತ್ತಾರೆ. ಇಬ್ಬರು, ಇಬ್ಬರು ಎಂದಿದ್ದರೆ ಹಾಗೇ ಬರೆದುಕೊಳ್ಳುತ್ತಿದ್ದ. ಆದರೆ ಅವಳ ಗಂಡ ತೋಜಾ, ಬದುಕಿದ್ದಷ್ಟು ದಿನ, ಆ ಪುಸ್ತಕಕ್ಕೆ ಸುಳ್ಳು ಹೇಳಿದವನಲ್ಲ. ಒಂದು ವರ್ಷ ನಾಯಿಯನ್ನೂ ಸೇರಿಸಿ ಮೂರೂ ಕಾಲು ಜನ ಎಂದು ಬರೆಸಿದ್ದ. ಪುಸ್ತಕದ ಮುಂದೆ ನಿಂತಾಗ ರಾಡೋಯ್ಕಾಳ ಬಾಯಿ ತಾನಾಗಿ ತೆರೆದುಕೊಂಡಿತು: 'ಹೋಗುವಾಗ ಇಬ್ಬರು. ಬರುವಾಗ ಒಬ್ಬಳು.' ಮ್ಲಾದೆನ್ ಪೆನ್ನಿನ ಮುಚ್ಚಳ ಬಾಯಿಂದ ತೆಗೆದ. ಕಿಟಕಿಯಿಂದ ಆಚೆ, ದೋಣಿಯ ಮೂತಿಯಲ್ಲಿ ನಿಂತು ಅವನ ಕಡೆಗೆ ಕೈ ಬೀಸುತ್ತಿದ್ದ ಯಾಗೊಡಾಳನ್ನು ನೋಡಿದ. ಬರೆದ. ಆಮೇಲೆ, ಮುಂದಿನ ಗೇಟಿನವರು ನೀರು ಸಿದ್ಧ ಮಾಡಿಟ್ಟುಕೊಳ್ಳಲಿ ಎಂದು ಎಂದಿನಂತೆ ಫೋನು ಎತ್ತಿದ. ಎರಡನೆಯ ಗೇಟು ತಲುಪುವಾಗ ಅಲ್ಲಿಯ ಹೆಂಗಸು ಒಂದು ಬುಟ್ಟಿ ಪೀಚ್ ಹಣ್ಣು ಹಿಡಿದು ದಡದಲ್ಲೇ ಕಾಯುತ್ತಿದ್ದಳು, ಎರಡು ವರ್ಷದಿಂದ ಕಂಡರೂ ಮಾತಾಡಿಸದವಳು. ಯಾಗೊಡಾ ಬುಟ್ಟಿ ತೆಗೆದುಕೊಂಡು, 'ನಿನ್ನ ಹುಟ್ಟಿದ ಹಬ್ಬಾನಾ?' ಎಂದು ಕೇಳಿದ್ದಳು. ಆ ಹೆಂಗಸು ಮುಖ ತಿರುಗಿಸಿಕೊಂಡು ಗೇಟು ತೆರೆಯುವ ಚಕ್ರದ ಕಡೆಗೆ ಹೋಗಿಬಿಟ್ಟಳು.

ಇದು ಮೂರನೆಯದು. ಕೊನೆಯದು. ಇದರ ಕೆಳಗೆ ನಾಲ್ಕು ಕಿಲೋಮೀಟರು ಹೋದರೆ ಕಾಲುವೆ ಟೀಸಾ ನದಿಗೆ ಸೇರುತ್ತದೆ. ಸೇರುವ ಮೂಲೆಯಲ್ಲಿ, ಪೋಪ್ಲರ್ ಮರಗಳ ಹಿಂದೆ, ಬಿಳಿ ಬಣ್ಣದ ಮನೆ. ಅಲ್ಲಿ ಯಾಗೊಡಾಳಂಥ ಇಪ್ಪತ್ತಾರು ಜನ ಇದ್ದಾರೆ. ಕಿಟಕಿಗಳಿಗೆ ಸರಳಿಲ್ಲ, ರಾಡೋಯ್ಕಾ ಮೇ ತಿಂಗಳಲ್ಲಿ ಬಸ್ಸಿನಲ್ಲಿ ಹೋಗಿ ಮೊದಲು ನೋಡಿದ್ದೇ ಅದನ್ನು. ಸೂಪಿನ ವಾಸನೆ ಚೆನ್ನಾಗಿತ್ತು. ಒಬ್ಬ ಮುದುಕ, ಮುದುಕನೇ, ತಲೆಯೆಲ್ಲ ಬೆಳ್ಳಗಾದವನು, ಬಂದು ಅವಳ ಕೈಚೀಲದ ಗುಂಡಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ತೃಪ್ತಿಯಾಗಿ ಹೊರಟುಹೋದ. ಕರೆದುಕೊಂಡು ಹೋಗಲು ಕಾರು ಕಳಿಸುತ್ತೇವೆ ಎಂದಿದ್ದರು. ಎರಡು ಗಂಟೆಯ ದಾರಿ. ಬೇಡ, ನಾವು ದೋಣಿಯಲ್ಲಿ ಬರುತ್ತೇವೆ ಎಂದು ಅವಳು ಹೇಳಿದಾಗ ಅಲ್ಲಿಯ ಮೇಲ್ವಿಚಾರಕಿ, 'ಅಯ್ಯೋ, ಎಷ್ಟು ಒಳ್ಳೇದು, ಅವಳಿಗೆ ಖುಷಿಯಾಗುತ್ತೆ' ಎಂದಿದ್ದಳು. ಅವಳಿಗೆ ಖುಷಿಯಾಗಲಿ ಎಂದೇ? ಮೂರು ದಿನದಿಂದ ರಾಡೋಯ್ಕಾ ಇದನ್ನು ಒಳಗೇ ತಿರುವಿ ಹಾಕುತ್ತಿದ್ದಳು. ಕಾರಿನಲ್ಲಿ ಎರಡು ಗಂಟೆಯಲ್ಲಿ ಮುಗಿಯುವುದನ್ನು ನೀರಿನಲ್ಲಿ ಮೂರು ದಿನ ಎಳೆದರೆ ಆ ಮೂರು ದಿನವೂ ಮಗಳು ನಗುತ್ತಿರುತ್ತಾಳೆ. ಆ ನಗು ಮಗಳಿಗೆ ಕೊಟ್ಟದ್ದೋ ತಾನು ಕದ್ದದ್ದೋ?

ಫೆಬ್ರವರಿಯಲ್ಲಿ ಬಚ್ಚಲುಮನೆಯಲ್ಲಿ ರಾಡೋಯ್ಕಾ ಬಿದ್ದಿದ್ದಳು. ಸೊಂಟದಿಂದ ಕೆಳಗೆ ಏನೂ ಅಲ್ಲಾಡಲಿಲ್ಲ. ಯಾಗೊಡಾ ಬಂದು ನೋಡಿದಳು, ಹೋದಳು, ಹೊದಿಕೆ ತಂದು ಹೊದಿಸಿದಳು, ದಿಂಬು ತಂದು ಇಟ್ಟಳು, ಪಕ್ಕದಲ್ಲಿ ತಣ್ಣನೆಯ ನೆಲದ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಂಡಳು. 'ಪಕ್ಕದ ಮನೆಯವರನ್ನ ಕರಿ ಪುಟ್ಟಿ' ಎಂದರೆ, 'ನೀನು ಒಬ್ಳೇ ಆಗ್ತೀಯ' ಎಂದಳು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ. ಎಷ್ಟು ಬೇಡಿದರೂ ಏಳಲಿಲ್ಲ. ಕೊನೆಗೆ ಅಂಚೆಯವನು ಬಂದ. ಆ ಏಳು ಗಂಟೆಗಳಲ್ಲಿ ರಾಡೋಯ್ಕಾ ನೋವಿನ ಬಗ್ಗೆ ಯೋಚಿಸಲಿಲ್ಲ. ತಾನು ಈ ಕೈಯೊಳಗೇ ತಣ್ಣಗಾದರೆ ಇವಳು ಎಷ್ಟು ದಿನ ಹಿಡಿದುಕೊಂಡೇ ಕೂತಿರುತ್ತಾಳೆ ಎಂದು ಲೆಕ್ಕ ಹಾಕಿದಳು. ಹೊದಿಕೆ ಸರಿದರೆ ಸರಿಮಾಡುತ್ತಾಳೆ. ಹಸಿವಾದರೂ ಏಳುವುದಿಲ್ಲ.

'ಅಮ್ಮಾ, ಕಾಲುಚೀಲದ ಮೇಲೂ ನನ್ನ ಹೆಸರಿದೆ!' ಯಾಗೊಡಾ ಶೂ ಬಿಚ್ಚಿ ಕಾಲು ಮೇಲೆತ್ತಿ ತೋರಿಸುತ್ತಿದ್ದಳು. ಮೂರು ದಿನದಲ್ಲಿ ಇದು ಹನ್ನೊಂದನೆಯ ವಸ್ತು. ಟವೆಲು, ಅಂಗಿ, ಒಳಲಂಗ, ರಾತ್ರಿಯುಡುಪು, ಎಲ್ಲದರ ಮೇಲೂ ಕೆಂಪು ನೂಲಿನಲ್ಲಿ ಹೆಸರು ಹೊಲಿದು ತನ್ನಿ ಎಂದು ಆ ಮನೆಯವರು ಪಟ್ಟಿ ಕೊಟ್ಟಿದ್ದರು. ಅಲ್ಲಿ ಬಟ್ಟೆಯೆಲ್ಲ ಒಟ್ಟಿಗೆ ಒಗೆಯುತ್ತಾರಂತೆ. ಮಗಳು ಪಕ್ಕದ ಮನೆಯ ಮೊಲ ನೋಡಲು ಹೋದಾಗಲೆಲ್ಲ ಕಿಟಕಿಯ ಹತ್ತಿರ ಕೂತು ಹೊಲಿದದ್ದು. ಯಾಗೊಡಾಳಿಗೆ ಓದಲು ಬರುವುದು ಹತ್ತಿಪ್ಪತ್ತು ಮಾತು, ಅದರಲ್ಲಿ ತನ್ನ ಹೆಸರನ್ನು ಎಲ್ಲಿದ್ದರೂ ಗುರುತು ಹಿಡಿಯುತ್ತಾಳೆ. 'ಯಾಕೆ ಹೊಲ್ದಿದೀಯ?' ಎಂದು ಮೊದಲ ದಿನ ಕೇಳಿದ್ದಳು. 'ಕಳ್ದು ಹೋಗ್ಬಾರ್ದು ಅಂತ.' 'ನಾನಾ, ಕಾಲುಚೀಲಾನಾ?' ಎಂದು ನಕ್ಕಿದ್ದಳು. ತಾನು ಮಾಡಿದ ತಮಾಷೆ ತನಗೇ ಇಷ್ಟವಾಗಿ ಆ ದಿನವೆಲ್ಲ ಅದನ್ನೇ ಹೇಳಿಕೊಂಡಿದ್ದಳು.

'ನೋಡ್ದೆ ಪುಟ್ಟಿ. ಶೂ ಹಾಕ್ಕೋ, ಗೂಟ ತಾಗುತ್ತೆ.'

ಹಿಂದೆ ಹೊಸ ಬಿಳಿ ದೋಣಿಯೊಂದು ಕಾಯುತ್ತಿತ್ತು. ಅದರಲ್ಲಿ ಒಬ್ಬನೇ, ನೋವಿಸಾದ್ ಊರಿನ ಹಲ್ಲಿನ ಡಾಕ್ಟರು, ಹೊಟ್ಟೆಯನ್ನು ಬಿಸಿಲಿಗೆ ಹರವಿಕೊಂಡು ಕಲ್ಲಂಗಡಿ ತಿನ್ನುತ್ತಿದ್ದ. ಬಂದಾಗಿನಿಂದ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ. 'ಏನಮ್ಮ, ಆ ಗೇಟಿನವ್ನು ಫೋನಲ್ಲೇ ಮದುವೆ ಮಾತುಕತೆ ಮುಗಿಸ್ತಿದ್ದಾನಾ?' ಎಂದು ಈಗ ಕೂಗಿದ. 'ಬೆಳಿಗ್ಗೆ ನೋಡ್ದೆ ನಿಮ್ಮನ್ನ. ಆ ಸೇತುವೆ ಕಂಬಕ್ಕೆ ಗುದ್ದಿದ್ರಲ್ಲ? ಪಾಪ, ಅದು ನೂರು ವರ್ಷದಿಂದ ಅಲ್ಲೇ ನಿಂತಿದೆ, ಕಾಣಿಸ್ಲಿಲ್ವಾ?'

'ಕಾಣಿಸ್ತು' ಎಂದಳು ರಾಡೋಯ್ಕಾ. 'ದೋಣಿಗೆ ಕಾಣಿಸ್ಲಿಲ್ಲ.'

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು, ನಕ್ಕು ಬಿಟ್ಟೆನಲ್ಲ ಎಂದು ಆಮೇಲೆ ಅನ್ನಿಸಿತು. ಚುಕ್ಕಾಣಿ ಹಿಡಿಯುವವನು ತೋಜಾ, ಹಗ್ಗ ಹಿಡಿಯುವವಳು ಯಾಗೊಡಾ. ಈ ದೋಣಿಯಲ್ಲಿ ಇಪ್ಪತ್ತು ಬೇಸಿಗೆ ಅವಳು ಅಡುಗೆ ಮಾಡಿದ್ದಳು, ಅಷ್ಟೇ. ತೋಜಾ ಸತ್ತ ಮೇಲೆ ಚುಕ್ಕಾಣಿ ಅವಳ ಕೈಗೆ ಬಂತು. ಹಗ್ಗ ಎಂದೂ ಬಂದಿಲ್ಲ. ಬರುವ ಪ್ರಸಂಗವೇ ಇರಲಿಲ್ಲ. ಒಂಬತ್ತು ವರ್ಷದ ಬುದ್ಧಿ ಎಂದು ಯಾವುದೋ ಡಾಕ್ಟರು ಒಂದು ಕಾಗದದ ಮೇಲೆ ಬರೆದುಕೊಟ್ಟಿದ್ದ ಹುಡುಗಿ ಇದೊಂದನ್ನು ಅಪ್ಪನಿಂದ ಕಲಿತು ಅಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಎರಡು ಗೇಟುಗಳ ನಡುವಿನ ತೊಟ್ಟಿಯೊಳಗೆ ನೀರು ಇಳಿಯುವಾಗ ಹಗ್ಗವನ್ನು ಗೋಡೆಯ ಮೇಲಿನ ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು; ನೀರಿಗೆ ಎಷ್ಟು ಬೇಕೋ ಅಷ್ಟೇ ಸಡಿಲಿಸಿ ಕೊಡುತ್ತ ಹೋಗಬೇಕು. ಬೇಗ ಕೊಟ್ಟರೆ ದೋಣಿ ತಿರುಗುತ್ತದೆ, ತಡ ಮಾಡಿದರೆ ವಾಲುತ್ತದೆ. ಆ ಹದಿನೈದು ನಿಮಿಷ ಯಾಗೊಡಾ ಯಾರ ಮಗಳೂ ಅಲ್ಲ, ಯಾರ ಪಾಪವೂ ಅಲ್ಲ.

ಲಾಯೋಶನಿಗೆ ಹೇಳಬೇಕು. ನಾನು ಅವಳಿಗೆ ಇನ್ನೂ ಹೇಳಿಲ್ಲ, ನೀವೂ ಏನೂ ಆಡಬೇಡಿ, ಗೇಟು ದಾಟಿದ ಮೇಲೆ ನಾನೇ ಹೇಳುತ್ತೇನೆ ಎನ್ನಬೇಕು. ಅಷ್ಟೇ ಮಾತು. ರಾಡೋಯ್ಕಾ ಚಾಕು ಇಟ್ಟು, ಕೈ ಒರೆಸಿಕೊಂಡು, ಕಲ್ಲಿನ ಮೆಟ್ಟಿಲು ಹತ್ತಿದಳು. ಸೊಂಟ ಒಂದೊಂದು ಮೆಟ್ಟಿಲಿಗೂ ತನ್ನ ಪಾಲನ್ನು ಕೇಳಿತು. ಗೇಟಿನ ಮನೆಯ ಬಾಗಿಲಲ್ಲಿ ಲಾಯೋಶ್ ಎದುರಾದ, ಅವಳನ್ನು ಕಂಡು ಟೋಪಿ ತೆಗೆದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನು ಅವಳಿಗಾಗಿ ಟೋಪಿ ತೆಗೆದದ್ದಿಲ್ಲ. ತೋಜಾನ ಮಣ್ಣಿಗೆ ಬಂದಾಗ ತೆಗೆದಿದ್ದ.

'ಬಾ ತಂಗಿ. ಬಿಸಿಲು ಜಾಸ್ತಿ ಇವತ್ತು.'

'ಹೌದು, ಜಾಸ್ತಿ.'

'ಆ ಪಾಚಿಯವ್ರು ಇನ್ನೇನು ಬಂದ್ರು. ಅರ್ಧ ಗಂಟೆ.'

'ಆಗ್ಲಿ. ನಮಗೇನು ಅವಸರ?' ಎಂದಳು. ಎಂಥ ಮಾತು ಬಂತು ಬಾಯಿಂದ. ಲಾಯೋಶ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವನ ಹಿಂದೆ ಅಡುಗೆಮನೆಯಿಂದ ಹೆಂಡತಿ ಪಿರೋಶ್ಕಾ ಹಿಟ್ಟಿನ ಕೈಯಲ್ಲಿ ಬಂದು, ಏನಮ್ಮ ಬೇಕಿತ್ತು ಎಂಬಂತೆ ಮುಖ ನೋಡಿದಳು. 'ಸ್ವಲ್ಪ ಉಪ್ಪು' ಎಂದಳು ರಾಡೋಯ್ಕಾ. ದೋಣಿಯಲ್ಲಿ ಒಂದು ಡಬ್ಬಿ ತುಂಬ ಉಪ್ಪಿತ್ತು.

ಉಪ್ಪನ್ನು ಕಾಗದದಲ್ಲಿ ಕಟ್ಟುತ್ತ ಪಿರೋಶ್ಕಾ ಬೆನ್ನು ಹಾಕಿಕೊಂಡೇ ಕೇಳಿದಳು. 'ಹೇಳಿದೀಯಾ ಅವಳಿಗೆ?'

ಆ ಕ್ಷಣಕ್ಕಾಗಿಯೇ ಮೆಟ್ಟಿಲು ಹತ್ತಿ ಬಂದದ್ದು. ಇಲ್ಲ ಎನ್ನುವುದು ಎಷ್ಟು ಸುಲಭ. ಆದರೆ ಇಲ್ಲ ಎಂದರೆ ಹೆತ್ತ ಮಗಳಿಗೇ ಮೂರು ದಿನದಿಂದ ಮೋಸ ಮಾಡುತ್ತ ಬಂದವಳು ಎಂದಾಗುತ್ತದೆ. ಹಿಟ್ಟಿನ ಕೈಯ ಈ ಒಳ್ಳೆಯ ಹೆಂಗಸು ತಿರುಗಿ ನೋಡುತ್ತಾಳೆ. ಆ ನೋಟ ಬೇಡ. 'ಹೇಳಿದೀನಿ' ಎಂದಳು ರಾಡೋಯ್ಕಾ.

'ಅತ್ತಳಾ?'

'ಇಲ್ಲ. ಅರ್ಥ ಮಾಡ್ಕೊಂಡ್ಳು.'

'ದೊಡ್ಡ ಮನಸ್ಸು ಅವಳದ್ದು' ಎಂದಳು ಪಿರೋಶ್ಕಾ, ಉಪ್ಪಿನ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟು, ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡು. ಇಳಿಯುವಾಗ ರಾಡೋಯ್ಕಾಳ ಅಂಗೈಯಲ್ಲಿ ಹಿಟ್ಟು ಅಂಟಿತ್ತು. ರಿಜಿಸ್ಟರಿಗೆ ನಿಜ ಹೇಳಿದೆ, ಮನುಷ್ಯಳಿಗೆ ಸುಳ್ಳು ಹೇಳಿದೆ. ಅದಲುಬದಲು ಮಾಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮಗಳ ಹತ್ತಿರ ಬಂದು ಹಲಗೆಯ ಮೇಲೆ ಕೂತಳು. ಈಗ ಹೇಳಿಬಿಡಬೇಕು, ಅರ್ಧ ಗಂಟೆ ಇದೆ. ಯಾಗೊಡಾಳ ಕಿವಿಯ ಹಿಂದೆ ಮೆಣಸಿನ ಬೀಜವೊಂದು ಅಂಟಿತ್ತು. ತೆಗೆದಳು. 'ಪುಟ್ಟಿ' ಎಂದಳು. 'ಹೂಂ?' ಎಂದಳು ಯಾಗೊಡಾ, ಗೇಟಿನಿಂದ ಕಣ್ಣು ತೆಗೆಯದೆ. ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. ತುಟಿಯ ಮೇಲೆ ಸಣ್ಣ ಬೆವರು. ಹುಟ್ಟಿದ ಮೂರನೆಯ ದಿನವೂ ಹೀಗೇ ಬೆವರಿತ್ತು. ಆಗ ನರ್ಸು ಮಗುವನ್ನು ಎತ್ತಿಕೊಂಡು ಡಾಕ್ಟರ ಕಡೆಗೆ ಕಣ್ಣು ಮಾಡಿದ್ದಳು, ಇಬ್ಬರೂ ಏನನ್ನೋ ಹೇಳದೆ ಉಳಿಸಿಕೊಂಡಿದ್ದರು. ಆರು ತಿಂಗಳು ಯಾರೂ ಹೇಳಲಿಲ್ಲ. ಆ ಆರು ತಿಂಗಳನ್ನು ತಾನು ಅವರಿಗೆ ಎಂದೂ ಕ್ಷಮಿಸಿರಲಿಲ್ಲ. 'ಏನಮ್ಮ?' 'ಟೋಪಿ ಹಾಕ್ಕೋ' ಎಂದಳು ರಾಡೋಯ್ಕಾ.

ಪಾಚಿಯ ದೋಣಿ ಬಂದಿತು. ಕೆಳಗಿನ ಗೇಟು ಮುಚ್ಚಿ, ತೊಟ್ಟಿಯಲ್ಲಿ ನೀರು ಏರಿ, ಮೇಲಿನ ಗೇಟು ನಿಧಾನವಾಗಿ ಬಾಯಿ ಬಿಟ್ಟಿತು. ಹಸಿರು ಸೊಪ್ಪಿನ ಗುಡ್ಡೆ ಹೊತ್ತ ದೋಣಿ ಕೊಳೆತ ವಾಸನೆಯನ್ನು ಎಳೆದುಕೊಂಡು ಅವರ ಪಕ್ಕದಲ್ಲೇ ಹಾದುಹೋಯಿತು. ಲಾಯೋಶ್ ಕೈ ಬೀಸಿದ. ರಾಡೋಯ್ಕಾ ದೋಣಿಯನ್ನು ಒಳಗೆ ತಂದಳು. ಬಲಗಡೆಯ ಗೋಡೆಗೆ ಒರೆಸಿಕೊಂಡೇ ತಂದಳು. ಬಣ್ಣ ಕೀಳುವ ಸದ್ದಿಗೆ ಡಾಕ್ಟರು ಹಲ್ಲು ಕಚ್ಚಿಕೊಂಡವನಂತೆ 'ಸ್ಸ್ಸ್' ಎಂದ. ಯಾಗೊಡಾ ಮಾತ್ರ ಎದ್ದು ನಿಂತು, ಒಂದೇ ಎಸೆತಕ್ಕೆ ಹಗ್ಗವನ್ನು ಗೂಟಕ್ಕೆ ಸುತ್ತಿಸಿ, ತುದಿಯನ್ನು ಎಳೆದುಕೊಂಡು, ಕಾಲನ್ನು ಅಗಲಿಸಿ ನಿಂತಳು. ಆಮೇಲೆ ಹಿಂದಕ್ಕೆ ತಿರುಗಿ ನೋಡಿ ಕೂಗಿದಳು: 'ಏಯ್! ಕಟ್ಬಾರ್ದು!'

ಡಾಕ್ಟರು ತನ್ನ ಹಗ್ಗವನ್ನು ಗೂಟಕ್ಕೆ ಸುತ್ತಿ ಗಟ್ಟಿ ಗಂಟು ಹಾಕಿ, ಮತ್ತೊಂದು ಹೋಳು ಕಲ್ಲಂಗಡಿ ಕೈಗೆತ್ತಿಕೊಂಡಿದ್ದ. 'ಏನಂತೆ ಮೇಡಂಗೆ?' ಎಂದ ರಾಡೋಯ್ಕಾಳ ಕಡೆಗೆ, ಮಗಳನ್ನು ಬಿಟ್ಟು ತಾಯಿಯನ್ನು ಕೇಳುವ ಆ ದನಿಯಲ್ಲಿ. ಮೂವತ್ತೊಂದು ವರ್ಷದಿಂದ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಚರ್ಚಿನಲ್ಲಿ ಕೇಳಿದ ದನಿ.

'ಅವಳನ್ನೇ ಕೇಳಿ' ಎಂದಳು ರಾಡೋಯ್ಕಾ.

'ನೀರು ಕೆಳಗೆ ಹೋಗುತ್ತೆ, ನೀನು ಮೇಲೇ ಇರ್ತೀಯ' ಎಂದಳು ಯಾಗೊಡಾ. 'ಆಮೇಲೆ ಬೀಳ್ತೀಯ.'

ಮೇಲಿನಿಂದ ಲಾಯೋಶ್ ಬಗ್ಗಿ ನೋಡಿದ. 'ಡಾಕ್ಟ್ರೇ, ಆ ಹುಡುಗಿ ಹೇಳಿದ್ದು ಕೇಳಿ, ಇಲ್ಲಾಂದ್ರೆ ನಿಮ್ಮ ದೋಣಿ ಗೋಡೇಲಿ ಕ್ಯಾಲೆಂಡರ್ ಥರ ನೇತಾಡುತ್ತೆ. ಕಾಲುವೆ ಮೇಲೆ ಇವಳಷ್ಟು ಚೆನ್ನಾಗಿ ಹಗ್ಗ ಹಿಡಿಯೋರು ಇನ್ನೊಬ್ರಿಲ್ಲ.' ಹೇಳಿದ ಮೇಲೆ ಅವನ ಮುಖ ಏಕೋ ಬಾಡಿತು. ಚಕ್ರದ ಕಡೆಗೆ ಹೋದ. ಡಾಕ್ಟರು ಗೊಣಗುತ್ತ ಗಂಟು ಬಿಚ್ಚಿದ. ಹಿಂದಿನ ಗೇಟು ಮುಚ್ಚಿಕೊಂಡಿತು. ತೂಬು ಎತ್ತಿದ ಸದ್ದು ಕಲ್ಲಿನೊಳಗಿಂದ ಬಂತು. ನೀರು ನಡುಗಿ, ಇಳಿಯತೊಡಗಿತು. ಇನ್ನು ಕೆಳಗೆ ಮುಟ್ಟುವವರೆಗೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ದಾಟಿಬಿಟ್ಟೆ, ಯಾರೂ ಏನೂ ಹೇಳಲಿಲ್ಲ ಎಂದು ರಾಡೋಯ್ಕಾ ಉಸಿರು ಬಿಡುವಷ್ಟರಲ್ಲಿ ಪಿರೋಶ್ಕಾ ಏಪ್ರನ್ನಿನಲ್ಲೇ ಓಡುತ್ತ ಬಂದು ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿದಳು.

'ಯಾಗೊಡಾ, ಕಂದಾ, ಹಿಡ್ಕೋ! ಮರ್ತೇ ಹೋಗಿತ್ತು ನೋಡು.' ಮೆತ್ತನೆಯ ಪೊಟ್ಟಣವೊಂದು ದೋಣಿಯ ಹಲಗೆಯ ಮೇಲೆ ಬಿದ್ದು ಬಿಚ್ಚಿಕೊಂಡಿತು. ಬೂದು ಉಣ್ಣೆಯ ಕಾಲುಚೀಲ, ಮೊಣಕಾಲಿನವರೆಗೆ ಬರುವಂಥವು, ಅಂಚಿಗೆ ಎರಡು ಕೆಂಪು ಗೆರೆ.

'ನನ್ನ ಹೆಸರಿಲ್ಲ ಇದ್ರಲ್ಲಿ' ಎಂದಳು ಯಾಗೊಡಾ, ಹಗ್ಗ ಕೊಡುತ್ತಲೇ ಓರೆಗಣ್ಣಿನಲ್ಲಿ ನೋಡಿ.

'ಅಲ್ಲಿ ಹೊಲ್ದು ಕೊಡ್ತಾರೆ ಚಿನ್ನಾ. ಚಳಿಗಾಲಕ್ಕೆ ಬೇಕಾಗುತ್ತೆ. ಆ ನದಿ ದಡದಲ್ಲಿ ಗಾಳಿ ಜಾಸ್ತಿ, ದೊಡ್ಡ ಮನೆ ಬೇರೆ. ಅಮ್ಮ ಬಂದು ನೋಡ್ಕೊಂಡು ಹೋಗ್ತಾಳೆ, ನಾನೂ ಬರ್ತೀನಿ ಪಾಯಸ ಮಾಡ್ಕೊಂಡು, ಆಯ್ತಾ? ನೀನು ಅಳ್ಲಿಲ್ವಂತೆ, ಜಾಣೆ.'

ಗೋಡೆ ಆಗಲೇ ಒಂದು ಮೊಳ ಬೆಳೆದಿತ್ತು. ಒದ್ದೆ ಕಲ್ಲು, ಅದಕ್ಕೆ ಅಂಟಿದ ಸಣ್ಣ ಬಸವನಹುಳುಗಳು. ಯಾಗೊಡಾ ಕೈ ನಿಲ್ಲಿಸಲಿಲ್ಲ. 'ಯಾವ ದೊಡ್ಡ ಮನೆ?' ಎಂದಳು.

ಪಿರೋಶ್ಕಾ ರಾಡೋಯ್ಕಾಳನ್ನು ನೋಡಿದಳು. ಅವಳ ಹಿಟ್ಟಿನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. 'ಲಾಯೋಶ್' ಎಂದು ಕೂಗಿದಳು, 'ನಿಲ್ಸೂ, ನೀರು ನಿಲ್ಸು!' ಲಾಯೋಶ್ ಏನೂ ತಿಳಿಯದೆ ಚಕ್ರ ಹಿಡಿದೇ ಕತ್ತು ಚಾಚಿದ. ನೀರು ನಿಲ್ಲಿಸಿ ಏನಾಗಬೇಕು? ನಿಲ್ಲಿಸಿದರೆ ಇಲ್ಲೇ, ಗೋಡೆಗಳ ನಡುವೆ, ಈ ಎತ್ತರದಲ್ಲಿ ನಿಂತಿರುತ್ತೇವೆ, ಅಷ್ಟೇ. 'ಬೇಡ' ಎಂದಳು ರಾಡೋಯ್ಕಾ. ಪಿರೋಶ್ಕಾಳ ಮುಖ ಮೇಲೆ ಮೇಲೆ ಹೋಗಿ ಆಕಾಶದ ಒಂದು ತುಂಡಾಯಿತು. ಡಾಕ್ಟರು ಕಲ್ಲಂಗಡಿ ಕೆಳಗಿಟ್ಟ.

ಮಗಳ ಬೆನ್ನಿಗೇ ಹೇಳಿದಳು. ಎದುರು ಬಂದು ಕೂತು, ಕೈ ಹಿಡಿದು, ಹಣೆಯ ಕೂದಲು ಸರಿಸಿ ಹೇಳಬೇಕೆಂದು ತಿಂಗಳಿನಿಂದ ಒಳಗೊಳಗೇ ಕಟ್ಟಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ನೀರಿನ ಸದ್ದಿಗೆ ಸ್ವಲ್ಪ ಜೋರಾಗಿ, ಅಂಗಡಿಯಲ್ಲಿ ಸಾಮಾನು ಹೇಳಿದಂತೆ ಹೇಳಿದಳು: ಮುಂದೆ ಒಂದು ಮನೆ ಇದೆ, ಅಲ್ಲಿ ನಿನ್ನಂಥವರು ಇದ್ದಾರೆ, ಅಡುಗೆ ಚೆನ್ನಾಗಿದೆ, ನಿನಗೆ ಕಿಟಕಿಯ ಪಕ್ಕದ ಮಂಚ, ನೀನು ಇನ್ನು ಅಲ್ಲಿರಬೇಕು.

'ನೀನು?'

'ನಾನು ಮನೆಗೆ ಹೋಗ್ತೀನಿ.'

'ಎಷ್ಟು ದಿನ?'

ಸ್ವಲ್ಪ ದಿನ ಎಂದು ನಾಲಿಗೆಯ ತುದಿಗೆ ಬಂತು. ಅದನ್ನೂ ಹೇಳಿಬಿಟ್ಟರೆ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಈ ಹುಡುಗಿ ಸ್ವಲ್ಪ ದಿನ ಮುಗಿಯುವುದನ್ನೇ ಕಾಯುತ್ತಾಳೆ. ಬಚ್ಚಲಿನ ನೆಲದ ಮೇಲೆ ಕೂತ ಹಾಗೆ. 'ಯಾವಾಗ್ಲೂ' ಎಂದಳು. ತನ್ನದೇ ದನಿ ಎರಡೂ ಗೋಡೆಗೆ ಬಡಿದು ವಾಪಸು ಬಂತು.

ಯಾಗೊಡಾ ಮೂರು ಸಲ ಹಗ್ಗ ಕೊಟ್ಟಳು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಅಪ್ಪ ಕಲಿಸಿದಷ್ಟೇ ಹೊತ್ತು ಬಿಟ್ಟಳು. ಜಡೆಗಳ ನಡುವಿನ ಕತ್ತು ಕೆಂಪಗಾಗುತ್ತ ಹೋದದ್ದು ರಾಡೋಯ್ಕಾಳಿಗೆ ಕಂಡಿತು. ಆಮೇಲೆ ಕೇಳಿದಳು: 'ಬರ್ತಾ ಹಗ್ಗ ಯಾರು ಹಿಡೀತಾರೆ?'

'ಏನು?'

'ನೀನು ಮನೆಗೆ ಹೋಗ್ತಾ. ಮೂರು ಗೇಟಿದೆ. ಹಗ್ಗ ಯಾರು ಹಿಡೀತಾರೆ?'

ಇದನ್ನು ಯೋಚಿಸಿರಲಿಲ್ಲ. ಮಂಚ, ಔಷಧಿ, ಹೆಸರು ಹೊಲಿದ ಬಟ್ಟೆ, ಹಲ್ಲುಜ್ಜುವ ಬ್ರಶ್ಶಿನ ಬಣ್ಣ, ಎಲ್ಲ ಯೋಚಿಸಿದ್ದಳು. 'ಲಾಯೋಶ್ ಮಾಮ ಹಿಡೀತಾರೆ' ಎಂದಳು.

'ಅವ್ರು ಚಕ್ರ ತಿರುಗಿಸ್ಬೇಕು.'

'ಪಿರೋಶ್ಕಾ ಚಿಕ್ಕಮ್ಮ.'

'ಅವ್ರಿಗೆ ಬರಲ್ಲ. ಅವ್ರು ಬರೀ ಮೇಲಿಂದ ನೋಡ್ತಾರೆ.' ಯಾಗೊಡಾ ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ಆ ಮುಖದಲ್ಲಿದ್ದದ್ದು ಚಿಂತೆ; ಒಲೆಯ ಮೇಲೆ ಏನನ್ನೋ ಬಿಟ್ಟು ಬಂದವರ ಚಿಂತೆ. 'ತಗೋ' ಎಂದು ಹಗ್ಗದ ತುದಿಯನ್ನು ತಾಯಿಯ ಕೈಗೆ ಕೊಟ್ಟಳು.

ಹಗ್ಗ ಒದ್ದೆಯಾಗಿತ್ತು, ಮಗಳ ಕೈಯ ಬಿಸಿ ಇನ್ನೂ ಇತ್ತು. ರಾಡೋಯ್ಕಾ ಎರಡೂ ಕೈಯಲ್ಲಿ ಹಿಡಿದುಕೊಂಡಳು. 'ಕೊಡು' ಎಂದಳು ಯಾಗೊಡಾ. ಕೊಟ್ಟಳು, ಹೆಚ್ಚಾಯಿತು, ದೋಣಿಯ ಮೂತಿ ಗೋಡೆಯಿಂದ ಜಾರಿ ಅಡ್ಡಡ್ಡ ತಿರುಗಿತು. 'ಏ ಏ ಏ, ಅಮ್ಮಾ, ನನ್ನ ದೋಣಿ!' ಎಂದು ಡಾಕ್ಟರು ಕಾಲು ಚಾಚಿ ತಳ್ಳಿದ. ಗಾಬರಿಯಲ್ಲಿ ಎಳೆದು ಹಿಡಿದಳು. ಈಗ ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಬದಿ ಎದ್ದು ಮೆಣಸಿನಕಾಯಿಗಳೆಲ್ಲ ಉರುಳಿ ನೀರಿಗೆ ಬಿದ್ದವು. 'ಕೊಡು, ಕೊಡಮ್ಮ, ಸ್ವಲ್ಪ, ಸ್ವಲ್ಪಾನೇ.' ಮಗಳ ಕೈಗಳು ಮುಂದೆ ಬಂದವು, ಹಗ್ಗವನ್ನು ಮುಟ್ಟದೆ ಗಾಳಿಯಲ್ಲೇ ಆ ಕೆಲಸವನ್ನು ಮಾಡಿ ತೋರಿಸಿದವು, ಮತ್ತೆ ಹಿಂದಕ್ಕೆ ಹೋಗಿ ತೊಡೆಯ ಮೇಲೆ ಕೂತವು. ಹಗ್ಗ ರಾಡೋಯ್ಕಾಳ ಅಂಗೈಯ ಚರ್ಮವನ್ನು ತೆಗೆದುಕೊಂಡು ಜಾರಿತು. ದೋಣಿ ಧಡ್ಡನೆ ಕೂತಿತು. ಮತ್ತೆ ಹಿಡಿದಳು. ಮತ್ತೆ ತಪ್ಪಿತು. ಅರವತ್ತಮೂರು ವರ್ಷದ ಕೈಗಳು, ಎಷ್ಟೋ ಸಾವಿರ ಸಲ ಹಿಟ್ಟು ನಾದಿದ, ಎಷ್ಟೋ ಬಟ್ಟೆ ಹಿಂಡಿದ ಕೈಗಳು ಇದೊಂದನ್ನು ಕಲಿಯಲ್ಲ ಎಂದವು.

'ನಿಂಗೆ ಬರಲ್ಲ' ಎಂದಳು ಯಾಗೊಡಾ. ಬೈಗುಳವಲ್ಲ. 'ಮನೆಗೆ ಹೋಗೋಣ ಅಮ್ಮ. ನಾನು ಕಲಿಸ್ತೀನಿ. ಆಮೇಲೆ ಬರೋಣ.'

ತೊಟ್ಟಿಯಲ್ಲಿ ದೋಣಿ ತಿರುಗಿಸಲು ಜಾಗವಿಲ್ಲ. ಹಿಂದೆ ಡಾಕ್ಟರು, ಅವನ ಹಿಂದೆ ಮುಚ್ಚಿದ ಗೇಟು, ಅದರ ಹಿಂದೆ ಮೂರು ಮೀಟರು ಎತ್ತರದಲ್ಲಿ ಮೂರು ದಿನದ ನೀರು. ಮೇಲೆ ಅಂಚಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು, ಲಾಯೋಶ್ ಮತ್ತೆ ಟೋಪಿ ತೆಗೆದಿದ್ದ. ಸರಿ ಎಂದು ಒಂದು ಮಾತು, ಹೋಗೋಣ, ಕಲಿಸು ಎಂದು ಒಂದೇ ಮಾತು. ಅದಕ್ಕೆ ರಾಡೋಯ್ಕಾ ಎಷ್ಟು ಹತ್ತಿರ ಹೋದಳೆಂದರೆ ಮನೆಯ ಬಾಗಿಲ ಚಿಲಕ ಕೈಗೆ ತಣ್ಣಗೆ ತಾಗಿದಂತಾಯಿತು. ಚಿಲಕದ ಹಿಂದೆ ಬಚ್ಚಲುಮನೆ ಇತ್ತು.

'ಆಗಲ್ಲ ಪುಟ್ಟಿ.'

ಯಾಗೊಡಾ ತಲೆಯಾಡಿಸಿದಳು. ಬೂದು ಕಾಲುಚೀಲಗಳನ್ನು ಎತ್ತಿ, ಒಂದರೊಳಗೊಂದು ಮಡಚಿ, ಪಕ್ಕದಲ್ಲಿಟ್ಟಳು. ಸದ್ದು ನಿಂತಿತು, ನೀರು ಸಮವಾಯಿತು. ಎದುರಿನ ಗೇಟು ಕಿರುಗುಟ್ಟುತ್ತ ಎರಡಾಗಿ ತೆರೆದುಕೊಂಡು, ಅದರ ಸಂದಿನಿಂದ ಉದ್ದನೆಯ ಬಿಸಿಲು ತೊಟ್ಟಿಯೊಳಗೆ ಬಂತು. ಆಚೆ ಕಾಲುವೆ ನೇರವಾಗಿ, ಒಂದು ತಿರುವೂ ಇಲ್ಲದೆ ಹೋಗುತ್ತಿತ್ತು. ಯಾರೂ ಅಲುಗಾಡಲಿಲ್ಲ. ಡಾಕ್ಟರು ತನ್ನ ಎಂಜಿನ್ನಿನ ಮೇಲೆ ಕೈಯಿಟ್ಟು ಬೇರೆಲ್ಲೋ ನೋಡುತ್ತಿದ್ದ. ರಾಡೋಯ್ಕಾ ಹಗ್ಗ ಹಿಡಿದೇ ಇದ್ದಳು. ಇನ್ನು ಹಿಡಿಯುವ ಅಗತ್ಯ ಇರಲಿಲ್ಲ. ಅಂಗೈ ಉರಿಯುತ್ತಿತ್ತು, ಆ ಉರಿ ಆರುವವರೆಗೆ, ಇನ್ನೊಂದು ನಿಮಿಷ, ಇನ್ನೊಂದು.

'ಅಮ್ಮ' ಎಂದಳು ಯಾಗೊಡಾ, ಕಿವಿಯ ಹತ್ತಿರ ಬಗ್ಗಿ, ಇತರರಿಗೆ ಕೇಳಿಸಿ ತಾಯಿಗೆ ನಾಚಿಕೆಯಾಗಬಾರದೆಂಬಂತೆ ಮೆಲ್ಲಗೆ. 'ಗೇಟು ತೆಗ್ದಿದಾರೆ. ಹಿಂದೆ ಜನ ಇದಾರೆ. ಅಡ್ಡ ನಿಲ್ಬಾರ್ದು.'

ರಾಡೋಯ್ಕಾ ಎದ್ದು ಹೋಗಿ ಎಂಜಿನ್ನಿನ ಹುರಿ ಎಳೆದಳು. ಮೂರು ದಿನದಿಂದ ಐದಾರು ಸಲ ಎಳೆಯದೆ ಬಾಯಿ ಬಿಡದ ಎಂಜಿನು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.